ಬರೋಲೊಗೆ ಅಪ್ಪೆಮಿಡಿ

ಅಡಿಕೆ ಬೆಳೆಯುವವನಿಗೆ ಒಗರಿನ ಪಾಠ ಬೇರೆಯವರು ಹೇಳಿಕೊಡಬೇಕೇ? ಅಡಿಕೆ ಬೇಯಿಸಿದ ಚೊಗರಿನಲ್ಲೇ ಕೈ ಕಪ್ಪು ಮಾಡಿಕೊಂಡು ಬೆಳೆದ ಸಾಗರದ ಕಡೆಯವನು ನಾನು. ಹಾಗಾಗಿ ಇಟಲಿಯ ಟ್ಯೂರಿನ್‌ನಲ್ಲಿರುವ ಅಣ್ಣನ ಮಗಳು, "ಚಿಕ್ಕಪ್ಪ, ಪಕ್ಕದ ಮನೆ ಅಜ್ಜ ಇವತ್ತು ಬರೋಲೊ ತರ್ತಾರೆ. ಒಗರು ಜಾಸ್ತಿ, ನಿಧಾನ ಕುಡೀರಿ" ಎಂದಾಗ ನಗು ಬಂತು. ದ್ರಾಕ್ಷಿ ಸಿಪ್ಪೆ ನನ್ನನ್ನು ಹೆದರಿಸುವುದೇ?

ಅಜ್ಜ ಮಧ್ಯಾಹ್ನವೇ ಬಂದು, ಬಿರಡೆ ತೆಗೆದು, ವೈನನ್ನು ಗಾಜಿನ ಹೂಜಿಗೆ ಸುರಿದಿಟ್ಟು, ರಾತ್ರಿಯವರೆಗೆ ಯಾರೂ ಮುಟ್ಟಕೂಡದೆಂದು ಹೇಳಿ ಹೋದರು. ಗಾಳಿಯಾಡಿದರೆ ಒರಟು ಇಳಿಯುತ್ತದಂತೆ. ಜನರನ್ನು ಕಾಯಿಸುವುದು ಈ ವೈನಿನ ಹುಟ್ಟುಗುಣ. ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಬೆಳೆದ ನೆಬ್ಬಿಯೊಲೊ ದ್ರಾಕ್ಷಿಯ ರಸವನ್ನು ಕಾನೂನಿನ ಪ್ರಕಾರ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ. 'ರಿಸೆರ್ವಾ' ಆದರೆ 62. ಅಷ್ಟರೊಳಗೆ ನಮ್ಮಲ್ಲಿ ಅಡಿಕೆಗೆ ರೇಟು ಏರಿ, ಬಿದ್ದು, ಮಂಡಿಯವರು ಲೆಕ್ಕವನ್ನೂ ಚುಕ್ತಾ ಮಾಡಿರುತ್ತಾರೆ.

ರಾತ್ರಿ ಅಜ್ಜ ಮತ್ತೆ ಬಂದರು. ಲೋಟಕ್ಕೆ ಬಿದ್ದದ್ದು ಆಚೆ ಬದಿ ಕಾಣುವಷ್ಟು ತೆಳು ಕೆಂಪು. ಅಜ್ಜ ನೀರು ಬೆರೆಸಿದರೋ ಎಂಬ ಅನುಮಾನ. ಮೂಸಿದರೆ ಗುಲಾಬಿ, ಅದರ ಬೆನ್ನಿಗೇ ಡಾಂಬರು. ಹೊಸದಾಗಿ ಟಾರು ಹಾಕಿದ ರಸ್ತೆಯಲ್ಲಿ ಮದುವೆ ದಿಬ್ಬಣ ಹೋದ ಹಾಗೆ. ಸರಿ, ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದೆ.

ನಾಲಗೆ ಅಂಗಳಿಗೆ ಅಂಟಿಕೊಂಡಿತು. ತುಟಿ ಹಲ್ಲಿನ ಮೇಲೆ ಜಾರಲೊಲ್ಲದು. "ಹೇಗಿದೆ?" ಎಂದಳು ಅಣ್ಣನ ಮಗಳು. "ಊಂ" ಎಂದೆ. ಬೇರೆ ಅಕ್ಷರ ಹೊರಡುವಂತಿರಲಿಲ್ಲ.

ಈ ಒಗರಿಗೆ ಕಾರಣವಾದ ಟ್ಯಾನಿನ್ ಎಂಬುದು ಪ್ರೋಟೀನು ಕಂಡರೆ ಬಿಡದ ಜಾತಿ. ತಟ್ಟೆಯಲ್ಲಿ ಮಾಂಸವೋ ಚೀಸೋ ಇದ್ದರೆ ಅದಕ್ಕೆ ಗಂಟು ಬೀಳುತ್ತದೆ. ಇಲ್ಲದಿದ್ದರೆ ಜೊಲ್ಲಿನ ಪ್ರೋಟೀನನ್ನೇ ಹಿಡಿದು ಬಾಯಿ ಒಣಗಿಸುತ್ತದೆ. ಆ ಸೀಮೆಯವರು ದನದ ಮಾಂಸವನ್ನು ಬರೋಲೊದಲ್ಲೇ ಗಂಟೆಗಟ್ಟಲೆ ಬೇಯಿಸಿ, ಜೊತೆಗೆ ಅದನ್ನೇ ಕುಡಿಯುವುದು ಸುಮ್ಮನೆ ಅಲ್ಲ. ಮದ್ಯದ ಮಟ್ಟಿಗೆ ಸಡಿಲಾಗಿದ್ದ ನನ್ನ ಮಡಿ ಮಾಂಸದ ಮಟ್ಟಿಗೆ ಇನ್ನೂ ಬಿಗಿಯಾಗಿತ್ತು. ಅದಕ್ಕೆಂದೇ ಅವಳು ಬೆಣ್ಣೆ, ಕಾಸ್ಟೆಲ್‌ಮಾನ್ಯೊ ಚೀಸು ಹಾಕಿ ರಿಸೊಟ್ಟೊ ಮಾಡಿದ್ದಳು. ಅದನ್ನು ತಿಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿನ ಮರ್ಯಾದೆ ಇದೆಯಲ್ಲ! ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತೆಗೆದು, ಒಂದು ಮಿಡಿ ಕಚ್ಚಿ, ಮೇಲೆ ಮತ್ತೊಂದು ಗುಟುಕು ಹಾಕಿದೆ.

ಶೇಕಡಾ 14ರ ಆಲ್ಕೋಹಾಲು ಮೆಣಸಿನ ಉರಿಗೆ ತುಪ್ಪ ಸುರಿಯುತ್ತದೆ. ಉರಿ ಆರಿಸಲು ಇನ್ನಷ್ಟು ವೈನು ಕುಡಿದವನ ಬುದ್ಧಿಗೆ ಏನೆನ್ನೋಣ! ಕಣ್ಣಲ್ಲಿ ಧಾರೆಧಾರೆ ನೀರು. ಅಜ್ಜನಿಗೋ ಹೃದಯ ತುಂಬಿಬಂತು. ತಮ್ಮೂರಿನ ವೈನಿಗೆ ಹೀಗೆ ಕರಗಿ ಅತ್ತವರನ್ನು ಕಂಡೇ ಇರಲಿಲ್ಲವಂತೆ. ಬೆನ್ನು ಸವರಿ ಲೋಟ ತುಂಬಿಸಿದರು.

ಕೊನೆಗೆ ಅಣ್ಣನ ಮಗಳೇ ರಿಸೊಟ್ಟೊ ಚಮಚವನ್ನು ಬಾಯಿಗೆ ತುರುಕಿದಳು. ಬೆಣ್ಣೆ, ಚೀಸು ಒಳಗಿಳಿದ ಮೇಲೆ ಅದೇ ವೈನು ಸಾಧುವಾಯಿತು. ಚೆರ್ರಿಯ ರುಚಿಯೂ ಸಿಕ್ಕಿತು, ನನಗೆ ಮಾತೂ ಮರಳಿತು.

ಅಷ್ಟರಲ್ಲಿ ಅಜ್ಜ ಒಂದು ಮಿಡಿಯ ಚೂರು ಚೀಪಿ, ಕೆಂಪಾಗಿ, ಗೌರವದಿಂದ ಕೇಳಿದರು: "ಇದಕ್ಕೆ ಯಾವುದು ಹೊಂದುತ್ತದೆ?"

"ಮೊಸರನ್ನ" ಎಂದೆ, ಪರಿಣತನ ಗತ್ತಿನಲ್ಲಿ.

ಅಜ್ಜ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. "ಯಾವ ವರ್ಷದ್ದು ಒಳ್ಳೆಯದು?"

"ಇವತ್ತು ಬೆಳಗಿನದ್ದು."