ಮುಳುಗಡೆ ಗುಡ್ಡದ ಮತ್ಸ್ಯಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಪ್ರಬಂಧದ ವಿಷಯ: ವಿಶಾಲವಾದ ನೀರಿನ ನಡುವೆ, ಮುಳುಗಿದ ಗುಡ್ಡದ ನೆತ್ತಿಯ ಮೇಲೆ ಗಾಳ ಇಳಿಬಿಟ್ಟು, ಎರಡು ಕೈಯಲ್ಲಿ ಎತ್ತಿ ಫೋಟೋ ತೆಗೆಸಿಕೊಳ್ಳುವಷ್ಟು ದೊಡ್ಡ ಮೀನು ಹಿಡಿಯುವುದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಭಾನುವಾರ ಕತ್ತಲಿರುವಾಗಲೇ ಎದ್ದು ಶಿವಮೊಗ್ಗದಿಂದಲೋ ಭದ್ರಾವತಿಯಿಂದಲೋ ಬೈಕ್ ಹತ್ತಿ ಲಕ್ಕವಳ್ಳಿ ಕಡೆಗೆ ಹೊರಡುವವನು, ಸಂಜೆ ಮನೆ ಸೇರುವ ಮುನ್ನ ಮೀನು ಮಾರ್ಕೆಟ್ಟಿಗೆ ಹೊಕ್ಕು ಬರುವವನು. ಸಂಬಂಧ: ಗ್ರಂಥಕ್ಕೂ ಮೀನಿಗೂ ಯಾವ ಸಂಬಂಧವೂ ಇಲ್ಲ. ಪ್ರಯೋಜನ: ಹುಡುಕಾಟ ಜಾರಿಯಲ್ಲಿದೆ.

ಮೊದಲು ಪೂರ್ವಪಕ್ಷ. ಅಮೆರಿಕದ ಮಿನ್ನೆಸೋಟ ರಾಜ್ಯದವರು ವಾಲ್‌ಐ ಎಂಬ ಮೀನನ್ನು 1965ರಲ್ಲಿ ತಮ್ಮ ರಾಜ್ಯಮತ್ಸ್ಯವೆಂದು ಘೋಷಿಸಿದರು. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಚೆಲ್ಲುವ ಒಂದು ಪದರವಿದೆ. ಬ್ಯಾಟರಿ ಬಿಟ್ಟರೆ ಕಾಡಿನ ಪ್ರಾಣಿಯದರ ಹಾಗೆ ಕಣ್ಣು ಹೊಳೆಯುತ್ತದೆ. ಮಬ್ಬಿನಲ್ಲಿ ತನಗೆ ಕಾಣುತ್ತದೆ, ತಾನು ತಿನ್ನಬೇಕಾದ ಸಣ್ಣ ಮೀನಿಗೆ ಅಷ್ಟು ಕಾಣುವುದಿಲ್ಲ. ಇದೇ ಅದರ ಬಂಡವಾಳ. ಆದ್ದರಿಂದ ಮುಸ್ಸಂಜೆಯಲ್ಲಿ, ಗಾಳಿಗೆ ನೀರು ಕಲಕಿದಾಗ ಬೇಟೆಗಿಳಿಯುತ್ತದೆ. ಬೇಸಿಗೆಯಲ್ಲಿ ದೊಡ್ಡ ಕೆರೆಗಳ ಆಳದ ಬಂಡೆದಿಬ್ಬಗಳ ಅಂಚು ಹಿಡಿದು ನಿಲ್ಲುತ್ತದೆ. ಅಲ್ಲಿನ ಶಿಕಾರಿಯವರು ದೋಣಿಗೆ ಸೋನಾರ್ ಯಂತ್ರ ಕಟ್ಟಿಕೊಂಡು, ದಿಬ್ಬ ಎಷ್ಟು ಅಡಿ ಕೆಳಗಿದೆ, ಅದರ ಯಾವ ಮಗ್ಗುಲಿಗೆ ಗಾಳಿ ಬಡಿಯುತ್ತಿದೆ ಎಂದು ಪರದೆಯಲ್ಲಿ ನೋಡಿ ಗಾಳ ಇಳಿಸುತ್ತಾರೆ. ಒಮ್ಮೆ ಗುರುತು ಹಾಕಿಕೊಂಡ ದಿಬ್ಬ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ, ಅಷ್ಟೇ ಆಳದಲ್ಲಿ. ಅವರ ಶಾಸ್ತ್ರವೆಲ್ಲ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ.

ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದೂ 1965ರ ಹೊತ್ತಿಗೇ. ಈ ಕಾಕತಾಳೀಯದ ಮೇಲೆ ಒಂದು ಪಿಎಚ್‌ಡಿ ಸಲೀಸಾಗಿ ಮಾಡಬಹುದು. ಅಣೆಕಟ್ಟಿನ ಮಗ್ಗುಲಲ್ಲೇ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವೂ ಇರುವುದರಿಂದ ಓಡಾಟದ ಖರ್ಚೂ ಉಳಿಯುತ್ತದೆ.

ಇನ್ನು ಸಿದ್ಧಾಂತಕ್ಕೆ ಬರೋಣ. ಭದ್ರಾ ಜಲಾಶಯದಲ್ಲಿ ದಿಬ್ಬಗಳಿಗೆ ಬರವಿಲ್ಲ. ಕಣಿವೆ ತುಂಬಿದಾಗ ಸಣ್ಣಪುಟ್ಟ ಗುಡ್ಡಗಳೆಲ್ಲ ನೀರಿನಡಿಗೆ ಹೋದವು. ಅವುಗಳ ನೆತ್ತಿಗಳು ಇವತ್ತಿಗೂ ಹಿನ್ನೀರಿನಲ್ಲಿ ಅಡಗಿವೆ. ಮಿನ್ನೆಸೋಟದವನು ಕಂಡರೆ ಬಾಯಲ್ಲಿ ನೀರೂರಿಸಬೇಕು. ಆದರೆ ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆಗಾಲ ಕೈಹಿಡಿದ ವರ್ಷ ಆಗಸ್ಟಿನಲ್ಲಿ ಅಷ್ಟೂ ತುಂಬುತ್ತದೆ. ಬಿರುಬೇಸಿಗೆಯಲ್ಲಿ 140 ಅಡಿಗೂ ಕೆಳಗಿಳಿದ ವರ್ಷಗಳುಂಟು. ಅಂದರೆ ವರ್ಷದೊಳಗೆ ನಲವತ್ತಾರು ಅಡಿಗಿಂತ ಹೆಚ್ಚು ಏರಿಳಿತ. ವಾಲ್‌ಐ ಶಿಕಾರಿಗೆ ಹೆಸರಾದ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಕೆರೆಯ ಗರಿಷ್ಠ ಆಳವೇ 42 ಅಡಿ! ಅವರ ಇಡೀ ಕೆರೆಯಷ್ಟು ಆಳವನ್ನು ನಮ್ಮವರು ಒಂದು ಬೇಸಿಗೆ ಬೆಳೆಗೆ ಹರಿಸಿ ಮುಗಿಸುತ್ತಾರೆ.

ಹೀಗಾಗಿ ಆಗಸ್ಟಿನಲ್ಲಿ ನಲವತ್ತು ಅಡಿ ಕೆಳಗಿದ್ದ ಆಳದ ದಿಬ್ಬ ಮೇ ತಿಂಗಳಲ್ಲಿ ಒಣ ದ್ವೀಪವಾಗಿ ಬಿಸಿಲು ಕಾಯಿಸುತ್ತಿರುತ್ತದೆ. ಅದರ ಮೇಲೆ ಮೀನು ಸಿಗುವುದಿಲ್ಲ, ಮೊಟ್ಟೆ ಸಿಗುತ್ತದೆ. ಮೊಟ್ಟೆ ನದಿ ರೀವ ಹಕ್ಕಿಯದು, ಪ್ರವಾಸಿಗರ ಬಾಯಲ್ಲಿ ರಿವರ್ ಟರ್ನ್. ನೀರಿಳಿದು ದ್ವೀಪಗಳು ತಲೆಯೆತ್ತುವುದನ್ನೇ ಕಾದಿದ್ದು ಇವು ಹಿಂಡುಗಟ್ಟಿ ಬಂದು, ಗೂಡು ಎಂಬ ಹಂಗಿಲ್ಲದೆ, ಕಲ್ಲುಮಣ್ಣಿನ ಬರಿನೆಲದಲ್ಲಿ ಮೊಟ್ಟೆಯಿಡುತ್ತವೆ. ಜಂಗಲ್ ಲಾಡ್ಜಸ್‌ನವರು ಅಲ್ಲಿನ ತಮ್ಮ ವಸತಿಗೆ ಇದೇ ಹಕ್ಕಿಯ ಹೆಸರಿಟ್ಟಿದ್ದಾರೆ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ನೀರಿನ ಮೇಲೆ ತೇಲುತ್ತ ಬಂದು, ಗಕ್ಕನೆ ಮಡಚಿಕೊಂಡು ಕೆಳಗೆ ಬಿದ್ದು, ಬೆರಳುದ್ದದ ಮೀನು ಕಚ್ಚಿ ಏಳುತ್ತದೆ. ಗಾಳವಿಲ್ಲ, ಸೋನಾರ್ ಇಲ್ಲ, ಫೋಟೋವನ್ನು ಬೇರೆಯವರೇ ತೆಗೆಯುತ್ತಾರೆ. ದಿಬ್ಬದ ಆಳ ಸೊನ್ನೆಯಾದಾಗ ಅದರ ಯಜಮಾನಿಕೆ ಹಕ್ಕಿಗೆ, ಆಳ ಬಂದಾಗ ಮೀನಿಗೆ. ಮನುಷ್ಯನಿಗೆ ಯಾವಾಗ ಎಂಬುದಕ್ಕೆ ಶಾಸ್ತ್ರದಲ್ಲಿ ಆಧಾರ ಸಿಕ್ಕಿಲ್ಲ.

ದಿಬ್ಬದ ಆಳವನ್ನು ನಿರ್ಧರಿಸುವವರು ಯಾರು ಎಂಬುದೇ ಈ ಪ್ರಬಂಧದ ತಿರುಳು. ಭೂಗರ್ಭವಿಜ್ಞಾನಿಯಲ್ಲ, ಮೀನೂ ಅಲ್ಲ. ದಾವಣಗೆರೆಯ ಭತ್ತ. ಭದ್ರೆಯ ಎಡದಂಡೆ, ಬಲದಂಡೆ ನಾಲೆಗಳು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಅಚ್ಚುಕಟ್ಟಿಗೆ ನೀರುಣಿಸಬೇಕು. ನಾಲೆಗೆ ನೀರು ಯಾವತ್ತು ಬಿಡಬೇಕು, ಯಾವತ್ತು ನಿಲ್ಲಿಸಬೇಕು, ಆನ್ ಎಷ್ಟು ದಿನ, ಆಫ್ ಎಷ್ಟು ದಿನ ಎಂದು ಸಭೆ ಕೂತು ತೀರ್ಮಾನಿಸುತ್ತಾರೆ. ಕಡೆಭಾಗಕ್ಕೆ ನೀರು ಮುಟ್ಟಿಲ್ಲವೆಂದು ರೈತರು ರಸ್ತೆಗಿಳಿದರೆ ಆಫ್ ಇದ್ದದ್ದು ಆನ್ ಆಗುತ್ತದೆ. ಆಗ ಲಕ್ಕವಳ್ಳಿಯ ಹಿನ್ನೀರಿನಲ್ಲಿ ಬಂಡೆಯ ಅಂಚಿಗೆ ಹೊಂದಿಕೊಂಡು ನಿಂತಿದ್ದ ದೊಡ್ಡ ಮೀನಿಗೆ ತಲೆಯ ಮೇಲಿನ ಸೂರು ತಗ್ಗಿದಂತಾಗುತ್ತದೆ. ಅದು ಜಾಗ ಬದಲಿಸುತ್ತದೆ. ಗಾಳದವನು ಅಲ್ಲೇ ಕೂತಿರುತ್ತಾನೆ. ಆದ್ದರಿಂದ ಸೋನಾರ್‌ಗೆ ದುಡ್ಡು ಸುರಿಯುವ ಬದಲು, ಬೆಳಿಗ್ಗೆ ಪೇಪರಿನ ಮೂಲೆಯಲ್ಲಿ ಬರುವ ‘ಇಂದಿನ ಜಲಾಶಯ ಮಟ್ಟ’ ಓದುವುದು ಮೇಲು. ಒಳಹರಿವು, ಹೊರಹರಿವು ಎಂಬ ಆ ಎರಡು ಅಂಕಿಗಳಲ್ಲಿ ಮೀನಿನ ಜಾತಕವೇ ಇದೆ.

ಶಿವಮೊಗ್ಗದವನಿಗೆ ತುಂಗೆಯೇ ಹತ್ತಿರವಲ್ಲವೇ ಎಂದು ಯಾರಾದರೂ ಕೇಳಬಹುದು. ಗಾಜನೂರಿನ ಅಣೆಕಟ್ಟು ಹತ್ತಿರ ನಿಜ, ಆದರೆ ಸಣ್ಣದು. ಜೋರು ಮಳೆ ಹಿಡಿಯಿತೆಂದರೆ ಲಗುಬಗೆಯಿಂದ ತುಂಬಿ, ಗೇಟು ತೆಗೆಸಿಕೊಂಡು, ಪತ್ರಿಕೆಯ ಮುಖಪುಟಕ್ಕೆ ಬಂದುಬಿಡುತ್ತದೆ. ಅದರ ಹಿನ್ನೀರಿನ ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳಿಗೆ ಸ್ನಾನ. ಮಲಗಿದ ಆನೆಯ ಬೆನ್ನನ್ನು ಮಾವುತ ಉಜ್ಜುವುದನ್ನು ನೋಡಲು ಜನಜಾತ್ರೆ. ಗಾಳಶಾಸ್ತ್ರದ ಮೊದಲ ಪಾಠ ಸದ್ದು ಮಾಡಬಾರದು ಎಂಬುದು. ಆನೆಗೆ ಅದನ್ನು ಹೇಳುವವರಾರು?

ಆಳವಿದ್ದಲ್ಲೇ ದೊಡ್ಡ ಮೀನು ಎಂಬ ವ್ಯಾಪ್ತಿಗೆ ತುಂಗೆಯೇ ಬಲವಾದ ಬಾಧಕ ಒಡ್ಡುತ್ತಾಳೆ. ಶೃಂಗೇರಿಯ ಸ್ನಾನಘಟ್ಟದಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನುಗಳಿವೆ. ಇಂಗ್ಲಿಷರು ಮಹಶೀರ್ ಎಂದು ತಲೆಕೆಡಿಸಿಕೊಂಡ ಜಾತಿಯವೂ ಅವುಗಳಲ್ಲಿ ಸೇರಿವೆ. ಮೆಟ್ಟಿಲ ಬುಡದಲ್ಲಿ, ಮೊಣಕಾಲಷ್ಟು ನೀರಿನಲ್ಲಿ, ಒಂದರ ಮೇಲೊಂದು ಹತ್ತಿಕೊಂಡು ಮಂಡಕ್ಕಿ ತಿನ್ನುತ್ತವೆ. ಮಕ್ಕಳು ಕೈ ನೀಡಿದರೂ ಕದಲುವುದಿಲ್ಲ. ಮೀನು ಬೆಳೆಯುವುದು ಆಳದಿಂದಲ್ಲ, ಹಿಡಿಯುವವರಿಲ್ಲದಿರುವುದರಿಂದ ಎಂದು ಕೆಲವು ನೈಯಾಯಿಕರು ವಾದಿಸಿದ್ದಾರೆ. ಈ ಮತವನ್ನು ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುವುದರಿಂದ ಅದನ್ನು ಅನಾದರದಿಂದ ಬಿಡಲಾಗಿದೆ.

ಶಬ್ದಪ್ರಮಾಣ ಬೇಕೆನ್ನುವವರಿಗೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವಿದೆ. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದ ಎಂಬ ಪ್ರಕರಣವೇ ಉಂಟು. ಯಾವ ಮೀನಿಗೆ ಯಾವ ಎರೆ, ಮೀನುಗಳಿಗೆ ಮೊದಲು ಉಣಿಸಿ ಹೇಗೆ ಜಾಗಕ್ಕೆ ಒಗ್ಗಿಸಬೇಕು ಎಂಬುದನ್ನೆಲ್ಲ ಅರಸ ಸಾವಧಾನವಾಗಿ ಬರೆಸಿದ್ದಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ನಮ್ಮ ಅರಸನೊಬ್ಬ ಗಾಳ ಹಾಕುವುದನ್ನು ರಾಜವಿನೋದಗಳ ಸಾಲಿಗೆ ಸೇರಿಸಿದ್ದಾನೆಂಬುದು ಭಾನುವಾರ ಮನೆಯಲ್ಲಿ ಬೈಸಿಕೊಳ್ಳುವ ಗಂಡಸರಿಗೆ ದೊಡ್ಡ ಆಸರೆ. ಹೆಂಡತಿಯರು ಒಪ್ಪುವುದಿಲ್ಲ: ಸೋಮೇಶ್ವರನಿಗೆ ಅಡುಗೆಯವರಿದ್ದರು, ಮೀನು ತಿಕ್ಕಲು ಆಳುಗಳಿದ್ದರು.

ಪ್ರಸ್ತುತ ಈ ಶಾಸ್ತ್ರದಲ್ಲಿ ಎರಡು ಪಂಥಗಳಿವೆ. ಶಿವಮೊಗ್ಗ ಪಂಥದವರು ಆನ್‌ಲೈನಿನಲ್ಲಿ ಕಾರ್ಬನ್ ರಾಡು, ರೀಲು, ರಬ್ಬರಿನ ಮೀನು ತರಿಸಿ, ನೀರಿಗಿಂತ ಹೆಚ್ಚು ಯೂಟ್ಯೂಬಿನಲ್ಲಿ ಗಾಳ ಹಾಕುತ್ತಾರೆ. ಭದ್ರಾವತಿ ಪಂಥ ಹಳೆಯದು. ಬಿದಿರು ಕೋಲು, ನೈಲಾನ್ ದಾರ, ಬೆಂಡು, ತೆಂಗಿನ ಚಿಪ್ಪಿನಲ್ಲಿ ಹಸಿಮಣ್ಣು, ಅದರೊಳಗೆ ಎರೆಹುಳು. 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ನಾಂದಿ ಹಾಡಿದ ಊರಲ್ಲಿ ಸೀಸದ ಗುಂಡಿಗೆ ದುಡ್ಡು ಕೊಡುವುದು ಮರ್ಯಾದೆಗೇಡು. ತುಕ್ಕು ಹಿಡಿದ ಒಂದು ನಟ್ಟು ಸಾಕು. ಈ ಪಂಥಕ್ಕೆ ಶಿಫ್ಟಿನ ಲೆಕ್ಕವೇ ಪಂಚಾಂಗ. ಕಾಗದದ ಕಾರ್ಖಾನೆಯೂ ಉಕ್ಕಿನ ಕಾರ್ಖಾನೆಯೂ ಜೋರಾಗಿದ್ದ ಕಾಲದಲ್ಲಿ ನೈಟ್ ಶಿಫ್ಟ್ ಮುಗಿಸಿದವನಿಗೆ ಬೆಳಗಿನ ಹೊಳೆ, ಬೆಳಗಿನ ಶಿಫ್ಟಿನವನಿಗೆ ಸಂಜೆಯ ಹೊಳೆ. ವಾಲ್‌ಐ ಮಬ್ಬಿನಲ್ಲೇ ಕಚ್ಚುತ್ತದೆಂದು ಅಮೆರಿಕದವರು ಹೇಳುವುದನ್ನು ಕೇಳಿ ಹಳೆಯ ಕಾರ್ಮಿಕನೊಬ್ಬ ಕೇಳಿದನಂತೆ: “ಅದಕ್ಕೂ ಜನರಲ್ ಶಿಫ್ಟ್ ಆಗಿ ಬರಲ್ವಾ ಸಾರ್?”

ನಮ್ಮಲ್ಲಿ ವಾಲ್‌ಐ ಸ್ಥಾನಕ್ಕೆ ಅಭ್ಯರ್ಥಿ ಯಾರು? ಬಾಳೆಮೀನು. ಚಪ್ಪಟೆ ಮೈ, ಉದ್ದ ಮೀಸೆ, ಕಣ್ಣಿನ ಹಿಂದಕ್ಕೂ ಸೀಳಿದ ಬಾಯಿ, ತುಂಬ ಮುಳ್ಳುಹಲ್ಲು, ರಾತ್ರಿ ಸಂಚಾರಿ, ಮೀಟರಿಗೂ ಮೀರಿ ಬೆಳೆಯುತ್ತದೆ. ಆದರೆ ಫೋಟೋಗಳಲ್ಲಿ ಕಾಣುವ ದೊಡ್ಡ ಮೀನು ಸಾಮಾನ್ಯವಾಗಿ ಕಾಟ್ಲಾ, ಗಂಗಾ ಸೀಮೆಯಿಂದ ತಂದು ಬಿತ್ತಿದ್ದು. ಸಾಮಾನ್ಯ ಗೆಂಡೆ ಹೊರದೇಶದ್ದು. ಜಿಲೇಬಿ ಮೀನಿನ ತವರು ಆಫ್ರಿಕಾ, ಭಾರತಕ್ಕೆ ಬಂದದ್ದು 1952ರಲ್ಲಿ. ಮಲೆನಾಡಿನ ಹಿನ್ನೀರಿನಲ್ಲಿ ಗಾಳ ಹಾಕುವವನು ವಿದೇಶ ಪ್ರವಾಸಕ್ಕೆ ಹೋಗಬೇಕಿಲ್ಲ.

ಧರ್ಮಶಾಸ್ತ್ರದ ಭಾಗವನ್ನು ಬೇಗ ಮುಗಿಸಬಹುದು. ಹಿನ್ನೀರಿನ ದಡಕ್ಕೆ ಅಂಟಿಕೊಂಡಿರುವುದು ಹುಲಿ ಸಂರಕ್ಷಿತ ಪ್ರದೇಶ. ಅಭಯಾರಣ್ಯದೊಳಗೆ ಗಾಳ ಹಿಡಿದು ಕೂತವನನ್ನು ಅರಣ್ಯ ಇಲಾಖೆ ಪಂಥಭೇದವಿಲ್ಲದೆ ಎಬ್ಬಿಸುತ್ತದೆ. ಮುಂಗಾರಿನ ಮೊದಲ ಮಳೆಗೆ ಮೀನು ಹಳ್ಳ ಏರಿ ಗದ್ದೆಗೆ ಬಂದು ಮೊಟ್ಟೆಯಿಡುವಾಗ ಹತ್ತುಮೀನು ಹಿಡಿಯಬೇಡಿ ಎಂದು ಮೀನುಗಾರಿಕೆ ಇಲಾಖೆ ಪ್ರಕಟಣೆ ಕೊಡುತ್ತದೆ. ಪ್ರಕಟಣೆ ಓದಿದ ಮಲೆನಾಡಿಗ ಓಹೋ, ಮೀನು ಹತ್ತಿತು ಎಂದು ತಿಳಿದು ಅಟ್ಟದಿಂದ ಮೀನು ಹಿಡಿಯುವ ಕೂಣಿ ಇಳಿಸುತ್ತಾನೆ.

ಕೊನೆಯ ಪ್ರಶ್ನೆ ಟ್ರೋಫಿಯದು. 1946ರಲ್ಲಿ ಮೈಸೂರು ಸೀಮೆಯಲ್ಲಿ 120 ಪೌಂಡ್, ಅಂದರೆ 54 ಕಿಲೋದ ಮಹಶೀರ್ ಹಿಡಿದು ದಾಖಲೆ ಬರೆದವರು ವ್ಯಾನ್ ಇಂಗನ್ ಸಹೋದರರಲ್ಲೊಬ್ಬರು. ಆ ಮನೆತನದ ಕಸುಬು ಸತ್ತ ಹುಲಿ, ಚಿರತೆಗಳಿಗೆ ಜೀವಕಳೆ ಕೊಟ್ಟು ಗೋಡೆಗೇರಿಸುವುದಾಗಿತ್ತು. ಟ್ರೋಫಿ ಇಡುವ ಅನುಕೂಲ ಅವರಿಗಿತ್ತು. ಭದ್ರಾವತಿಯ ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಇಲ್ಲಿ ಮೀನಿನ ವೈಭವಕ್ಕೆ ಆಯಸ್ಸು ಕಡಿಮೆ. ಹಿತ್ತಲ ಕಲ್ಲಿನ ಮೇಲೆ ಬೂದಿ ಹಾಕಿ ತಿಕ್ಕಿ, ಲೋಳೆ ತೆಗೆದು, ಕಿವಿರು ಕಿತ್ತು, ಅಡ್ಡಡ್ಡ ತುಂಡು ಮಾಡಿ, ವಾಟೆಹುಳಿ ಹಾಕಿದ ಖಾರಕ್ಕೆ ಇಳಿಸಿದರೆ ದಾಖಲೆ ಅಲ್ಲಿಗೆ ಮುಗಿಯಿತು. ತೂಕ ಹಾಕಲು ಸಮಯವಿರುವುದಿಲ್ಲ, ಕಡುಬು ಆರುತ್ತಿರುತ್ತದೆ. ಇಷ್ಟಾದರೂ ಒಂದು ವ್ಯಾಜ್ಯ ಪಂಡಿತರಲ್ಲಿ ಇನ್ನೂ ತೀರ್ಮಾನವಾಗಿಲ್ಲ: ತಲೆಯ ಭಾಗ ಗಾಳ ಹಿಡಿದವನಿಗೋ, ಹರಿಗೋಲು ಹುಟ್ಟು ಹಾಕಿದವನಿಗೋ. ಶಿವಮೊಗ್ಗ ಪಂಥ ಗಾಳದವನ ಪರ. ಭದ್ರಾವತಿ ಪಂಥದ ಪ್ರಕಾರ ತಲೆ ಮನೆಯ ಅತ್ತೆಗೆ ಸೇರಬೇಕು, ಮುಂದಿನ ಭಾನುವಾರದ ಪರ್ಮಿಷನ್ ಕೊಡಬೇಕಾದವರು ಅವರೇ.