ಡೆಂಕಾಲಿಯಿಂದ ಅಂಕಲಿಗೆ

ಡೆಂಕಾಲಿ ಎಂಬ ಊರು ನಮ್ಮ ಅಂಕಲಿಯ ಆಸುಪಾಸಿನಲ್ಲೇ ಎಲ್ಲೋ ಇದೆ ಎಂದು ಚಿಕ್ಕಂದಿನಲ್ಲಿ ಬಹಳ ಕಾಲ ನಂಬಿದ್ದೆ. ನಂಬದೆ ಏನು ಮಾಡಲಿ? ಹೊಳೆ ದಾಟಿದರೆ ಮಾಂಜರಿ, ಅತ್ತ ಹೋದರೆ ಯಡೂರು, ಇತ್ತ ಬಂದರೆ ಚಿಕ್ಕೋಡಿ. ಇವುಗಳ ನಡುವೆ ಎಲ್ಲಾದರೂ ಒಂದು ಡೆಂಕಾಲಿ ಇದ್ದರೆ ಯಾರ ಗಂಟೇನು ಹೋಗುತ್ತದೆ? ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು "ಡೆಂಕಾಲಿ, ಅಂಕಲಿ, ಚಿಕ್ಕೋಡೀ" ಎಂದು ಕೂಗಿದರೆ ಕಿವಿಗೂ ಚೆನ್ನ. ಕಬ್ಬು ಆಳೆತ್ತರ ಬೆಳೆದ ಮೇಲೆ ಅದರೊಳಗೆ ಮುಖವಾಡ ಹಾಕಿದವನೊಬ್ಬ ತಲೆಬುರುಡೆಯ ಗುಹೆ ಮಾಡಿಕೊಂಡು, ಕುದುರೆ ನಾಯಿ ಸಾಕಿಕೊಂಡು ಇದ್ದರೆ ಪಂಚಾಯಿತಿಯವರಿಗೂ ತಿಳಿಯುವುದಿಲ್ಲ.

ಅಸಲು ವಿಷಯ ತಿಳಿದದ್ದು ಮೀಸೆ ಬಂದ ಮೇಲೆ. ಅಮೆರಿಕದ ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಆ ಮುಖವಾಡದ ಕಾಮಿಕ್ಸ್ ವೀರ ಫ್ಯಾಂಟಮ್‌ನ ನಾಡಿನ ಹೆಸರು ಬೆಂಗಲ್ಲಾ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ, ಇದು ಬಂಗಾಳದ ಹಾಗೆ ಕೇಳಿಸುತ್ತದಲ್ಲ ಎಂದು ಅದನ್ನು ಡೆಂಕಾಲಿ ಮಾಡಿದರಂತೆ. ಬಂಗಾಳದವರ ತಕರಾರು ತಪ್ಪಿಸಲು ಹೋಗಿ ಅಂಕಲಿಯವರ ತಲೆ ಕೆಡಿಸಿದರು.

ಇದನ್ನೆಲ್ಲ ಅಣ್ಣನ ಮಗನಿಗೆ ಹೇಳಿದೆ. ಅವನು ಕಾಲೇಜು ಹುಡುಗ. ಅವನ ಕಾಮಿಕ್ಸೆಲ್ಲ ಫೋನಿನೊಳಗೆ. ಬೆರಳು ಒಂದೆರಡು ಸಲ ಆಡಿಸಿ, "ಕಾಕಾ, ಡೆಂಕಾಲಿ ಮ್ಯಾಪಿನಾಗ ಇಲ್ಲರಿ" ಎಂದ. ನಮ್ಮಿಬ್ಬರ ವ್ಯಾಜ್ಯಕ್ಕೆ ಅಂದೇ ಮುಹೂರ್ತ. ಕಾಮಿಕ್ಸನ್ನು ಕಾಗದದಲ್ಲಿ ಓದಬೇಕೋ ಫೋನಿನಲ್ಲಿ ಓದಬೇಕೋ ಎಂಬ ಈ ದಾವೆ ಊಟಕ್ಕೆ ಕೂತಾಗೆಲ್ಲ ವಿಚಾರಣೆಗೆ ಬರುತ್ತದೆ. ನ್ಯಾಯಾಧೀಶರ ಪೀಠದಲ್ಲಿ ನಮ್ಮಾಕೆ. ಅವಳ ಕೈಯಲ್ಲಿ ರೊಟ್ಟಿ ಇರುವುದರಿಂದ ಯಾರೂ ಮೇಲ್ಮನವಿಗೆ ಹೋಗುವುದಿಲ್ಲ.

ನಮ್ಮ ಕಾಲದಲ್ಲಿ ಕಾಮಿಕ್ಸ್ ಎಂದರೆ ಮಿರಜದಿಂದ ಬರುವ ಸರಕು. ಯಾರದೋ ಕಾಕಾ ಆಸ್ಪತ್ರೆಗೆಂದು ಮಿರಜಕ್ಕೆ ಹೋದರೆ, ಅವರ ಕಾಯಿಲೆ ವಾಸಿಯಾಗಲಿ ಬಿಡಲಿ, ಬರುವಾಗ ಸ್ಟೇಷನ್ನಿನಿಂದ ಒಂದು ಪುಸ್ತಕ ತರಲಿ ಎಂದು ಹುಡುಗರೆಲ್ಲ ಯಡೂರ ವೀರಭದ್ರನಿಗೆ ಹರಕೆ ಹೊರುತ್ತಿದ್ದೆವು. ಬಂದದ್ದು ಕನ್ನಡದ್ದೇ ಆಗಿರಬೇಕೆಂಬ ನಿಯಮವಿರಲಿಲ್ಲ. ಕನ್ನಡ ಚಂದಮಾಮ ಬಂದರೂ ಸೈ, ಮರಾಠಿ ಚಾಂದೋಬಾ ಬಂದರೂ ಸೈ, ಹಿಂದಿ ಇಂದ್ರಜಾಲ ಬಂದರಂತೂ ಹಬ್ಬ. ಭಾಷೆ ಬಾರದಿದ್ದರೇನು, ಫ್ಯಾಂಟಮ್ ಗುದ್ದಿದರೆ ಯಾರಿಗೆ ಬಿತ್ತೆಂದು ಚಿತ್ರವೇ ಹೇಳುತ್ತಿತ್ತು. ನನಗೆ ಇವತ್ತು ಬರುವ ಹಿಂದಿಯ ಮುಕ್ಕಾಲು ಪಾಲು ಆ ಗುದ್ದಾಟದಿಂದ ಬಂದದ್ದು. ಬ್ಯಾಂಕಿನಲ್ಲಿ ಹಿಂದಿ ಮಾತಾಡಬೇಕಾಗಿ ಬಂದಾಗ ನನ್ನ ದನಿ ಸ್ವಲ್ಪ ಏರುವುದಕ್ಕೆ ಕಾರಣವೂ ಅದೇ.

ಒಂದು ಪುಸ್ತಕ, ನಾಲ್ಕು ತಲೆ. ಇದು ಓದುವ ಕ್ರಮ. ಪುಸ್ತಕದ ಒಡೆಯ ನಡುವೆ, ಅವನ ಎಡಬಲಕ್ಕೆ ಇಬ್ಬರು, ಎದುರಿಗೆ ಒಬ್ಬ. ಬೇಗ ಓದುವವನು ಪುಟದ ತುದಿ ಹಿಡಿದು ಚಡಪಡಿಸುತ್ತಿದ್ದ. ನಿಧಾನದವನು "ತಿರುವಬ್ಯಾಡಲೇ, ನಂದಿನ್ನೂ ಮುಗಿದಿಲ್ಲ" ಎಂದು ಅಂಗೈ ಒತ್ತಿ ಹಿಡಿಯುತ್ತಿದ್ದ. ಈ ಎಳೆದಾಟದಲ್ಲಿ ಪುಟದ ಮೂಲೆ ಹರಿದು ಎಷ್ಟೋ ಖಳನಾಯಕರು ಫ್ಯಾಂಟಮ್ ಬರುವ ಮೊದಲೇ ತಲೆ ಕಳಕೊಂಡಿದ್ದಾರೆ. ಎದುರಿಗೆ ಕೂತವನ ಪಾಡೇ ಬೇರೆ. ಅವನಿಗೆ ಎಲ್ಲವೂ ತಲೆಕೆಳಗು. ಓದುತ್ತ ಓದುತ್ತ ಅವನಿಗೆ ತಲೆಕೆಳಗಾದ ಅಕ್ಷರವೇ ರೂಢಿಯಾಯಿತು. ಮುಂದೆ ಅವನು ಕಬ್ಬು ಬೆಳೆದ. ಕಾರ್ಖಾನೆಗೆ ಟ್ರ್ಯಾಕ್ಟರ್ ಒಯ್ದಾಗ ಕಾಟಾದ ಕಾರಕೂನ ತೂಕದ ಚೀಟಿ ಬರೆಯುವುದನ್ನು ಟೇಬಲ್ಲಿನ ಈಚೆ ನಿಂತೇ ಓದಿಬಿಡುತ್ತಿದ್ದ. "ಆ ಒಂಬತ್ತು ಆರಾಗೇತಿ ನೋಡ್ರಿ ಸಾಹೇಬ್ರ" ಎಂದು ಅವನು ಹೇಳಿದ ದಿನ ಕಾರಕೂನ ಪೆನ್ನು ಕೆಳಗಿಟ್ಟನಂತೆ. ಕಾಮಿಕ್ಸ್ ಓದಿ ಯಾರು ಉದ್ಧಾರವಾದರು ಎಂದು ಕೇಳುವವರಿಗೆ ನಾನು ಇವನನ್ನು ತೋರಿಸುತ್ತೇನೆ.

ಫೋನಿಗೆ ನಾಲ್ಕು ತಲೆ ಸೇರುವುದಿಲ್ಲ. ಎರಡೇ ಕಷ್ಟ. ನಾನು ಹೆಗಲ ಮೇಲಿಂದ ಇಣುಕಿದರೆ ಹುಡುಗ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಕಾಮಿಕ್ಸ್ ಓದುವಾಗ ನಡುವೆ ಯಾರದೋ ಸಂದೇಶ ಇಳಿದು ಬರುತ್ತದಂತೆ, ಅದು ಕಾಕಾ ನೋಡುವಂಥದ್ದಲ್ಲವಂತೆ. ಫ್ಯಾಂಟಮ್‌ನ ಮುಖವಾಡ ಕಳಚುವುದಕ್ಕಿಂತ ಇವನ ಫೋನಿನ ಬೀಗ ಕಳಚುವುದು ಕಷ್ಟ.

ಅವನ ಆ್ಯಪಿನಲ್ಲಿ ಇನ್ನೊಂದು ಚಮತ್ಕಾರವಿದೆ. ಪುಟವನ್ನು ಇಡಿಯಾಗಿ ತೋರಿಸುವುದಿಲ್ಲ. ಬೆರಳು ತಾಕಿಸಿದಂತೆ ಒಂದೊಂದೇ ಚೌಕ ಮುಂದೆ ಬರುತ್ತದೆ. ಹೋಳಿಗೆ ಊಟದ ಪಂಕ್ತಿಯಲ್ಲಿ ಕೂರಿಸಿ, ಕಣ್ಣು ಕಟ್ಟಿ, ಒಂದೊಂದೇ ತುತ್ತು ಬಾಯಿಗೆ ಇಟ್ಟಂತೆ. ಪ್ರಾಣ್ ಅವರು ಸೃಷ್ಟಿಸಿದ ಚಾಚಾ ಚೌಧರಿಯ ಕಥೆ ಗೊತ್ತಲ್ಲ, ಅದರ ಸಾಬು ಗುರುಗ್ರಹದಿಂದ ಬಂದ ದೈತ್ಯ. ಕಾಗದದಲ್ಲಿ ಅವನು ಚೌಕ ತುಂಬಿ ನಿಂತರೆ ಪಕ್ಕದಲ್ಲಿ ಚಾಚಾ ಮೊಳಕಾಲಿಗೆ ಬರುತ್ತಿದ್ದ. ಎದುರು ಪುಟದ ಪುಟ್ಟ ಚೌಕದಲ್ಲಿ ಕಳ್ಳರು ಅವನನ್ನು ಕಂಡೇ ಓಡುತ್ತಿದ್ದಾರೆ ಎನ್ನಿಸುತ್ತಿತ್ತು. ಫೋನಿನಲ್ಲಿ ಸಾಬುವಿಗೂ ಒಂದು ಪರದೆ, ಚಾಚಾನ ನಾಯಿ ರಾಕೆಟ್ಟಿಗೂ ಅಷ್ಟೇ ದೊಡ್ಡ ಪರದೆ. ಸಮಾನತೆ ಒಳ್ಳೆಯದೇ, ಸಂವಿಧಾನದಲ್ಲೇ ಇದೆ. ಆದರೆ ದೈತ್ಯನನ್ನು ದೈತ್ಯನಾಗಿ ನೋಡುವ ಹಕ್ಕು ಹುಡುಗರಿಗೆ ಬೇಡವೇ? ಸಾಬುವಿಗೆ ಸಿಟ್ಟು ಬಂದರೆ ದೂರದಲ್ಲೆಲ್ಲೋ ಜ್ವಾಲಾಮುಖಿ ಸಿಡಿಯುತ್ತದೆ ಎಂದು ನಾವು ನಡುಗುತ್ತಿದ್ದೆವು. ಈಗ ಅವನಿಗೆ ಸಿಟ್ಟು ಬಂದರೆ ಫೋನಿನ ಬೆನ್ನು ಬಿಸಿಯಾಗುತ್ತದೆ, ಅಷ್ಟೇ. ಕಂಪ್ಯೂಟರಿಗಿಂತ ಚುರುಕು ಮೆದುಳಿನವನೆಂದು ಹೆಸರಾದ ಚಾಚಾ ಈಗ ಕಂಪ್ಯೂಟರಿನೊಳಗೇ ಬಾಡಿಗೆಗಿದ್ದಾನೆ. ನೆಟ್‌ವರ್ಕ್ ಸಿಗದ ಸಂಜೆ ಅವನ ರುಮಾಲು ಮಾತ್ರ ಕಾಣಿಸಿ, ಮೀಸೆ ಬರಲು ಕಾಯಬೇಕಾಗುತ್ತದೆ.

ಹುಡುಗನ ವಾದದಲ್ಲೂ ಹುರುಳಿಲ್ಲದಿಲ್ಲ. "ಕಾಕಾ, ನೀವು ಪಾನ ತಿರುವಿದ ಕೂಡ್ಲೇ ಕೊನೀ ಚೌಕಾನ ಮೊದಲ ನೋಡ್ತಿದ್ರಿ. ಅದು ಕಾಪಿ ಹೊಡದಂಗ ಅಲ್ಲೇನ್ರಿ?" ಎಂದ. ನಿಜ, ಕಣ್ಣು ಓಡಿಬಿಡುತ್ತಿತ್ತು. ಇನ್ನೊಂದೆಂದರೆ ನನ್ನ ಚಾಳೀಸು. ಹಳೆಯ ಕಾಗದ, ಕಡಲೆಯಷ್ಟೂ ಇಲ್ಲದ ಅಕ್ಷರ, ಕೆಂಪು ಬಣ್ಣ ತುಟಿ ಬಿಟ್ಟು ಗದ್ದಕ್ಕೆ ಜಾರಿದ ಅಚ್ಚು. ಇವನ ಫೋನಿನಲ್ಲಿ ಎರಡು ಬೆರಳು ಅಗಲಿಸಿದರೆ ಅಕ್ಷರ ಉಬ್ಬಿ ನಿಲ್ಲುತ್ತದೆ. ಈ ಒಂದು ವಿಷಯಕ್ಕೆ ನಾನು ಕೈಮುಗಿದು ಸೋತೆ ಎಂದಿದ್ದೇನೆ. ಕತ್ತಲೆಯ ವಿಷಯದಲ್ಲೂ ಅವನದೇ ಮೇಲುಗೈ. ಕೌದಿಯೊಳಗೆ ಓದಲು ನಮಗೆ ಅಪ್ಪನ ಬ್ಯಾಟರಿ ಬೇಕಾಗುತ್ತಿತ್ತು. ಅಪ್ಪ ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗಿ ಬಟನ್ ಒತ್ತಿದರೆ ಮಿಣುಕುಹುಳದಷ್ಟೂ ಬೆಳಕಿಲ್ಲ. ಸೆಲ್ಲು ಮಾರುವವನು ಮೋಸಗಾರನೆಂದು ಅಪ್ಪ ಅಂಗಡಿಯ ಎದುರು ಕೂಗಾಡುವಾಗ ನಾನು ಭಕ್ತಿಯಿಂದ ಗಣಿತ ಮಾಡುತ್ತಿದ್ದೆ.

ಕಾಗದಕ್ಕೆ ಆಯುಷ್ಯ ಕಡಿಮೆ ಎಂಬುದು ಅದನ್ನು ಪ್ರೀತಿಸುವವರೂ ಒಪ್ಪಬೇಕಾದ ಮಾತು. ಓದಿ ಮುಗಿದ ಚಂದಮಾಮ ರದ್ದಿಗೆ, ರದ್ದಿಯಿಂದ ಭಡಂಗದ ಅಂಗಡಿಗೆ. ಒಮ್ಮೆ ಭಡಂಗದ ಪುಡಿಕೆ ಬಿಚ್ಚಿದರೆ ಒಳಗೆ ಚಿತ್ರಕಾರ ಶಂಕರ್ ಬರೆದ ಬೇತಾಳ! ವಿಕ್ರಮನ ಹೆಗಲೇರಿ ಕಥೆಯನ್ನೆಲ್ಲ ಹೇಳಿ ಮುಗಿಸಿ, ಪ್ರಶ್ನೆ ಕೇಳಿ, ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಎಂಬಲ್ಲಿಗೆ ಹಾಳೆ ಮುಗಿದಿತ್ತು. ಉತ್ತರದ ಹಾಳೆ ಇನ್ನಾರದೋ ಪುಡಿಕೆಯಲ್ಲಿ. ನನಗೆ ಉತ್ತರ ಗೊತ್ತಿರಲಿಲ್ಲವಾದ್ದರಿಂದ ತಲೆ ಉಳಿಯಿತು. ಆದರೆ ಹುಡುಕಾಟದಲ್ಲಿ ಆ ವಾರ ತಿಂದ ಭಡಂಗಕ್ಕೆ ಹೊಟ್ಟೆ ಉಳಿಯಲಿಲ್ಲ. 1949ರಿಂದ ಕನ್ನಡದಲ್ಲಿ ಬಂದ ಆ ಮಾಸಿಕ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ನಿಂತುಹೋಗಿದೆ. ಬೇತಾಳ ಕಾಮಿಕ್ಸ್ ಅಲ್ಲ, ಚಿತ್ರವಿರುವ ಕಥೆ ಎಂದು ಹುಡುಗ ಕೊಕ್ಕೆ ತೆಗೆದ. ತೆಗೆಯಲಿ. ಅವನೇ ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಹಾಕಿದ ಹಳೆಯ ಸಂಚಿಕೆಗಳನ್ನು ತೆರೆದು, ಎಣ್ಣೆಯ ಕಲೆ ಇಲ್ಲದ ಬೇತಾಳನನ್ನು ನನಗೆ ತೋರಿಸಿದ್ದು.

2019ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಬಂದಾಗ ನಮ್ಮ ದಾವೆಗೆ ಹೊಸ ಸಾಕ್ಷ್ಯ ಸಿಕ್ಕಿತು. ಓಣಿಗೆ ನೀರು ನುಗ್ಗುವ ಮೊದಲು ನಾನು ಕಾಮಿಕ್ಸಿನ ಟ್ರಂಕಿಗೆ ಕೈಹಾಕಿದೆ. "ಜ್ವಾಳದ ಚೀಲ ಮೊದಲ ಏರಸ್ರಿ, ನಿಮ್ಮ ಫ್ಯಾಂಟಮ್‌ಗ ಈಸು ಬರ್ತೈತಿ" ಎಂದಳು ನಮ್ಮಾಕೆ. ಜೋಳ ಅಟ್ಟ ಏರಿತು. ಟ್ರಂಕಿನ ಅಡಿ ನೆನೆಯಿತು. ನೀರಿಳಿದ ಮೇಲೆ ಒದ್ದೆ ಪುಸ್ತಕಗಳನ್ನು ಬಟ್ಟೆಯ ಹಗ್ಗಕ್ಕೆ ಹಾಕಿದೆ. ನನ್ನ ಪಟ್ಟಾಪಟ್ಟಿ ಚಡ್ಡಿಯ ಪಕ್ಕದಲ್ಲಿ ಪಟ್ಟಾಪಟ್ಟಿ ಚಡ್ಡಿಯ ಫ್ಯಾಂಟಮ್. ಬಂದವರೆಲ್ಲ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ ನಕ್ಕರು. ಅತ್ತ ಹುಡುಗನ ಸ್ಥಿತಿ ಇನ್ನೂ ಚಿಂತಾಜನಕ: ಕರೆಂಟಿಲ್ಲ, ಚಾರ್ಜಿಲ್ಲ, ಕೈಯಲ್ಲಿ ಕಪ್ಪು ಕನ್ನಡಿ. ಮೂರನೆಯ ಸಂಜೆ ಮೆಲ್ಲಗೆ ಬಂದು "ಕಾಕಾ, ಒಣಗಿದ್ದು ಯಾವುದರ ಐತೇನ್ರಿ?" ಎಂದ. ಆಗ ನಾನು ಗೆದ್ದೆ. ಕರೆಂಟು ಬಂದ ಮೇಲೆ ಅವನು ಗೆದ್ದ. ಅಂಟಿಕೊಂಡ ಪುಟಗಳನ್ನು ಒಂದೊಂದಾಗಿ ಬಿಡಿಸಿ, ಎಲ್ಲದರ ಫೋಟೊ ಹೊಡೆದು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. (ಹಕ್ಕುಸ್ವಾಮ್ಯದ ವಕೀಲರು ದಯವಿಟ್ಟು ಈ ಸಾಲು ಬಿಟ್ಟು ಓದಬೇಕು.) ಗುಲಾಬಿ ಹೂವು, ಶುಭೋದಯ ಬಿಟ್ಟು ಬೇರೇನೂ ಕಾಣದ ಆ ಗುಂಪಿನಲ್ಲಿ ಡೆಂಕಾಲಿಯ ಗುದ್ದು ಬಿತ್ತು. ತಲೆಕೆಳಗೆ ಓದುವ ನನ್ನ ಗೆಳೆಯನಿಗೂ ಕಳಿಸಿದೆ. ಅವನು ರೂಢಿಯಂತೆ ಫೋನನ್ನು ಬುಡಮೇಲು ಹಿಡಿದ. ಚಿತ್ರ ಗರ್ರನೆ ತಿರುಗಿ ನೆಟ್ಟಗಾಯಿತು. ಮತ್ತೆ ತಿರುವಿದ, ಅದೂ ತಿರುಗಿತು. "ಈ ಡಬ್ಬಿಗೆ ಓದೂ ರೀತೀನ ಗೊತ್ತಿಲ್ಲಪಾ" ಎಂದು ಬೈದು ಫೋನಿಟ್ಟ.

ಹಾಗಾಗಿ ಕಾಗದ ದೊಡ್ಡದೋ ಪರದೆ ದೊಡ್ಡದೋ ಎಂಬ ಜಗಳದಲ್ಲಿ ನನಗೀಗ ಅಷ್ಟು ಉತ್ಸಾಹವಿಲ್ಲ. ನನ್ನ ತಕರಾರು ಬೇರೆ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತಿದ್ದ ನನ್ನನ್ನು ಕೂರಿಸಿಕೊಂಡು ಹುಡುಗ ಆ್ಯಪುಗಳನ್ನು ಒಂದೊಂದಾಗಿ ತೆರೆದು ತೋರಿಸಿದ. ಇಂಗ್ಲಿಷ್ ರಾಶಿ ರಾಶಿ. ಹಿಂದಿಯೂ ಬಂತು. ಎಡದಿಂದ ಬಲಕ್ಕಲ್ಲ, ಬಲದಿಂದ ಎಡಕ್ಕೆ ಓದುವ ಜಪಾನಿನ ಮಾಂಗಾ, ಪುಟವೇ ಇಲ್ಲದೆ ಕೆಳಕ್ಕೆ ಇಳಿಯುತ್ತಲೇ ಹೋಗುವ ಕೊರಿಯಾದ ವೆಬ್‌ಟೂನ್, ಎಲ್ಲ ಬಂದವು. ಕನ್ನಡ ಎಲ್ಲಿ ಎಂದರೆ ಬೆರಳು ಬಹಳ ಹೊತ್ತು ಅಲೆಯಿತು.

ಇದು ಸ್ವಲ್ಪ ಸಿಟ್ಟು ಬರಿಸುವ ಸಂಗತಿ. ಯಾಕೆಂದರೆ ಅಮರ ಚಿತ್ರ ಕಥೆಯ ಹೆಸರು ಮೊದಲು ಅಚ್ಚಾದದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಆ ಮಾಲೆ ಹೊರಟಿತು. ಮೊದಲ ಹತ್ತು ಪುಸ್ತಕ ಸಿಂಡ್ರೆಲಾ ತರಹದ ಹೊರನಾಡಿನ ಕಥೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಕೂತು ನಮ್ಮ ಪುರಾಣ, ಇತಿಹಾಸಗಳನ್ನು ಕೈಗೆತ್ತಿಕೊಂಡರು. ರಾಮ್ ವಾಯಿರ್ಕರ್ ಚಿತ್ರ ಬರೆದ 'ಕೃಷ್ಣ' ಇಂಗ್ಲಿಷಿನಲ್ಲಿ ಬಂದಾಗ ಅದರ ಸಂಖ್ಯೆ ಒಂದಲ್ಲ, ಹನ್ನೊಂದು. ಅಂದರೆ ದೇಶವೆಲ್ಲ ಓದಿದ ಆ ಮಾಲೆಯ ತೊಟ್ಟಿಲು ತೂಗಿದ್ದು ಕನ್ನಡ. ಈಗ ಆ ಕನ್ನಡದ ಹುಡುಗನಿಗೆ ಫೋನಿನಲ್ಲಿ ಕನ್ನಡದ ಕೃಷ್ಣ ಬೇಕೆಂದರೆ ಚಾಚಾ ಚೌಧರಿಯ ಮೆದುಳೇ ಬೇಕು. ಗಡಿಯಲ್ಲಿ ಬೋರ್ಡಿನ ಅಕ್ಷರ ಯಾವುದೆಂದು ಆಗಾಗ ಕೂಗಾಡುವ ದೊಡ್ಡವರು ಹುಡುಗರ ಅಂಗೈಯಲ್ಲಿರುವ ಈ ಸಣ್ಣ ಬೋರ್ಡನ್ನು ನೋಡಿದಂತಿಲ್ಲ.

ಇಷ್ಟು ಹೇಳಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಕನ್ನಡದ ಇಂದ್ರಜಾಲ, ಬಾಲಮಂಗಳ, ಅಮರ ಚಿತ್ರ ಕಥೆ ಯಾವುದಾದರೂ ಇದ್ದರೆ ದೀಪಾವಳಿಗೆ ರದ್ದಿಯವನಿಗೆ ತೂಗಿ ಕೊಡಬೇಡಿ. ಮೊದಲು ಮನೆಯ ಹುಡುಗರ ಕೈಗೆ ಕೊಡಿ, ಎರಡು ಕೈಯಲ್ಲಿ ಹಿಡಿದು ಓದಲಿ, ಆಮೇಲೆ ಬೇಕಾದರೆ ಫೋಟೊ ಹೊಡೆದಿಟ್ಟುಕೊಳ್ಳಲಿ. ಇಡಲು ಜಾಗವೇ ಇಲ್ಲವೆಂದಾದರೆ ಅಂಕಲಿಗೆ ತಂದುಕೊಡಿ. ಬಸ್ ಚಾರ್ಜು ನಿಮ್ಮದು, ಚಹಾ ಭಡಂಗ ನನ್ನದು. ಹರಿದಿದ್ದರೂ ನಡೆಯುತ್ತದೆ, ಕೊನೆಯ ಪುಟ ಮಾತ್ರ ಇರಲಿ.