ಎರಡನೇ ಡಿಕಾಕ್ಷನ್

ಜೂನ್‌ನಿಂದ ಅಕ್ಟೋಬರ್ ತನಕ ಮಳೆಯಲ್ಲಿ ನೆಂದು, ಬಚ್ಚಲ ಒಲೆಯ ಮೇಲೆ ಯೂನಿಫಾರ್ಮ್ ಒಣಗಿಸಿ, ಹೊಗೆ ವಾಸನೆ ಹೊಡೆಯುತ್ತಾ ಶಾಲೆಗೆ ಹೋಗುತ್ತಿದ್ದ ನಾವು 2007ರ ಮೊದಲಲ್ಲಿ ದುಡ್ಡು ಕೊಟ್ಟು ಮಳೆ ನೋಡಲು ಹೋದೆವು. ‘ಮುಂಗಾರು ಮಳೆ’ ಬಿಡುಗಡೆಯಾಗಿದ್ದು 2006ರ ಡಿಸೆಂಬರ್ 29ಕ್ಕೆ. ಅರೇಬಿಕಾ ಕೊಯ್ಲಿನ ಸಮಯ. ವರ್ಷದಲ್ಲಿ ನಾಲ್ಕು ದಿನ ಬಿಸಿಲು ಕಂಡು ಮೈ ಕಾಯಿಸುವ ಹೊತ್ತಿಗೆ ಮತ್ತೆ ಮಳೆಯೇ? ‘ಮೂಡಿಗೆರೆಯವರು ಟಿಕೆಟ್ ತಗೊಂಡು ಮಳೆ ನೋಡೋದಂತೆ, ಎಂಥಾ ಗಿರಾಕಿಗಳು ಮಾರಾಯ’ ಎಂದು ಚಿಕ್ಕಪ್ಪ ದಾರಿಯುದ್ದಕ್ಕೂ ಜೀಪಿನಲ್ಲಿ ಗೊಣಗಿದರು. ವಾಪಸು ಬರುವಾಗ ಅವರದ್ದೇ ಮೂಗು ಸೊರ ಸೊರ.

ಚಿಕ್ಕಪ್ಪ ಅತ್ತದ್ದು ಹೀರೋಗೂ ಅಲ್ಲ, ಹೀರೋಯಿನ್‌ಗೂ ಅಲ್ಲ, ದೇವದಾಸ ಎಂಬ ಮೊಲಕ್ಕೆ. ಮೊಲ ಎಂದರೆ ಸಾರಿಗೆ ಎಷ್ಟು ಮೆಣಸು ಅರೆಯಬೇಕು ಎಂದು ಲೆಕ್ಕ ಹಾಕುತ್ತಿದ್ದ ತಲೆಮಾರು ಅದು. ಆ ತಲೆಮಾರಿನ ಕಣ್ಣಲ್ಲಿ ಮೊಲಕ್ಕಾಗಿ ನೀರು ತರಿಸಿದ ನಿರ್ದೇಶಕ ಯೋಗರಾಜ ಭಟ್ಟರಿಗೆ ಅರಣ್ಯ ಇಲಾಖೆಯವರು ಒಂದು ಶಾಲು ಹೊದಿಸಬೇಕಿತ್ತು.

ಆ ಸಿನಿಮಾದಲ್ಲಿ ಸುಳ್ಳುಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಅಂಥ ಮಳೆಯಲ್ಲಿ, ಅಂಥ ಹುಲ್ಲಿನಲ್ಲಿ ಅಷ್ಟು ಹೊತ್ತು ಓಡಾಡಿದ ಹೀರೋಯಿನ್ ನಂದಿನಿಯ ಕಾಲಿಗೆ ಒಂದಾದರೂ ಇಂಬಳ ಹತ್ತಬೇಡವೇ? ಹೀರೋ ಪ್ರೀತಮ್‌ನ ಜೇಬಿನಲ್ಲಿ ಸುಣ್ಣವಿಲ್ಲ, ಉಪ್ಪಿಲ್ಲ, ಹೊಗೆಸೊಪ್ಪಿಲ್ಲ. ಆದರೂ ನಾವು ಕ್ಷಮಿಸಿದೆವು. ಯಾಕೆಂದರೆ ಸಿನಿಮಾ ಉದ್ದಕ್ಕೂ ಬಾಯಿ ಮುಚ್ಚದೆ ವಟಗುಟ್ಟಿದ ಹುಡುಗ, ಮಾತಾಡಲೇಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಹೊರಟುಬಿಟ್ಟ. ನಮ್ಮಲ್ಲಿ ಎಸ್ಟೇಟ್ ಪಾಲಾಗುವ ದಿನ ಅಣ್ಣತಮ್ಮಂದಿರು ಹೀಗೆ ಮಾತು ನುಂಗಿಕೊಂಡು ಎದ್ದು ಹೋಗಿದ್ದನ್ನು ನೋಡಿದವರಿಗೆ ಅದು ಚೆನ್ನಾಗಿ ನಾಟಿತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿದ್ದು ಮಳೆಯಿಂದ ಎಂದು ಸಿನಿಮಾ ಮಂದಿಯ ಗಾಂಧಿನಗರ ತಿಳಿದುಕೊಂಡಿತು. ತಪ್ಪಾಗಿದ್ದು ಅಲ್ಲೇ.

ಹುಡುಗಿ ಇನ್ನೊಬ್ಬನ ಪಾಲಾದಳು, ಮೊಲ ಸತ್ತಿತು, ಕತೆ ಮುಗಿಯಿತು. ಮುಗಿದ ಮೇಲೆ ಭಾಗ ಎರಡು ಎಲ್ಲಿಂದ ಬರಬೇಕು? ನಿಮಗೆ ಕಾಫಿ ಗೊತ್ತಿಲ್ಲ, ಅದಕ್ಕೇ ಕೇಳುತ್ತೀರಿ. ಫಿಲ್ಟರಿನಲ್ಲಿ ಚರಟ ಉಳಿದಿರುತ್ತದಲ್ಲ, ಅದರ ಮೇಲೆ ಇನ್ನೊಂದು ಲೋಟ ಬಿಸಿನೀರು ಹೊಯ್ದರಾಯಿತು. ಬಣ್ಣ ಬರುತ್ತದೆ. ಬಂದ ನೆಂಟರು ತೀರಾ ಬೇಕಾದವರಲ್ಲದಿದ್ದರೆ ಕೊಟ್ಟೂ ಕಳಿಸಬಹುದು.

‘ಮುಂಗಾರು ಮಳೆ 2’ ಬಂತು, 2016ರ ಸೆಪ್ಟೆಂಬರ್ 10, ಶನಿವಾರ. ಹಿಂದಿನ ದಿನ ಕಾವೇರಿಗಾಗಿ ರಾಜ್ಯ ಬಂದ್, ಸೋಮವಾರ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಇದ್ದ ನೀರಿನಲ್ಲಿ ದಿನವೂ ಹದಿನೈದು ಸಾವಿರ ಕ್ಯೂಸೆಕ್ ಬಿಡಿ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಹೀಗೆ ಕರ್ನಾಟಕದಲ್ಲಿ ಮುಂಗಾರು ಮಳೆ ಪೋಸ್ಟರಿನ ಮೇಲೆ ಮಾತ್ರ ಉಳಿದಿದ್ದ ವಾರದಲ್ಲಿ, ಮೊದಲ ಭಾಗ ನೋಡಿದ್ದ ಎಂಟನೇ ಕ್ಲಾಸಿನ ಹಳೆ ದಂಡೆಲ್ಲ ಸೇರಿ ಚಿಕ್ಕಮಗಳೂರಿಗೆ ಹೋಗಿ ನೋಡಿದೆವು.

ನಿರ್ದೇಶಕರು ಶಶಾಂಕ್. ಸಂಗೀತ ಮನೋಮೂರ್ತಿಯವರ ಬದಲು ಅರ್ಜುನ್ ಜನ್ಯ. ಹೀರೋ ಅದೇ ಗಣೇಶ್, ಹೆಸರೂ ಅದೇ ಪ್ರೀತಮ್. ಹುಡುಗಿ ಬೇರೆ. ಅಪ್ಪನಾಗಿ ರವಿಚಂದ್ರನ್. ಹಾಡು ಚೆನ್ನಾಗಿದ್ದವು, ಅದನ್ನು ಇಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಹಾಡು ಬರೆಯುವ ಕಾಯ್ಕಿಣಿಯವರು ಚರಟದಿಂದಲೂ ಒಂದು ಒಳ್ಳೆ ಲೋಟ ಇಳಿಸಬಲ್ಲವರು. ಉಳಿದ ಹೊತ್ತು ನಾನು ಇಂಬಳ ಎಣಿಸುತ್ತಾ ಕೂತಿದ್ದೆ. ಹತ್ತು ವರ್ಷದ ಹಿಂದೆ ಕ್ಷಮಿಸಿದ್ದ ಇಂಬಳ ಈಗ ಯಾಕೆ ನೆನಪಾಗಬೇಕು? ಕತೆ ಸಡಿಲವಾದಾಗಲೇ ಪ್ರೇಕ್ಷಕ ಕಾಲು ನೋಡಿಕೊಳ್ಳುವುದು. ಚಿಕ್ಕಪ್ಪ ಇಂಟರ್‌ವಲ್ಲಿನಲ್ಲಿ ಹೊರಗೆ ಹೋದವರು ಜೀಪಿನಲ್ಲಿ ನಿದ್ದೆ ಹೋಗಿದ್ದರು. ‘ಮೊಲ ಬಂತಾ?’ ಎಂದಷ್ಟೇ ಕೇಳಿದರು.

ಸಿನಿಮಾದವರನ್ನೇ ಬೈದು ಏನು ಪ್ರಯೋಜನ? ನಮ್ಮ ತಲೆಯ ಮೇಲಿನ ಮಳೆಯೂ ಈಗ ಭಾಗ ಎರಡೇ. ಹೆಸರು ಅದೇ, ನಿರ್ದೇಶಕ ಬೇರೆ. ಮಾರ್ಚ್-ಏಪ್ರಿಲಿನ ಹೂ ಮಳೆ ಹೇಳಿದ ದಿನಕ್ಕೆ ಬರುವುದಿಲ್ಲ, ಬಂದರೆ ಎಲೆ ತೊಳೆದು ಹೋಗುತ್ತದೆ. 2021ರ ನವೆಂಬರಿನಲ್ಲಿ ಹಣ್ಣು ಗಿಡದಲ್ಲಿರುವಾಗ ಸುರಿದು, ಅರೇಬಿಕಾವನ್ನು ನೆಲಕ್ಕೆ ಉದುರಿಸಿತು. ಕಣದಲ್ಲಿ ಹರಡಿದ್ದಕ್ಕೆ ಬೂಷ್ಟು ಬಂತು. ಕಳಸದ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗುವ ದೃಶ್ಯವಂತೂ ವರ್ಷ ವರ್ಷ ಅದೇ ರೀಲು. ಹೊರನಾಡಿಗೆ ಹೊರಟವರು ಈಚೆ ದಡದಲ್ಲಿ ನಿಂತು ಮೊಬೈಲಿನಲ್ಲಿ ಹಿಡಿಯುತ್ತಾರೆ.

ಮಳೆಯಿಂದ ಕಾಸು ಮಾಡಿದ್ದು ಒಬ್ಬರೇ, ನಮ್ಮ ಪಕ್ಕದ ಹೋಂಸ್ಟೇಯವರು. ರೊಬಸ್ಟಾಕ್ಕೆ ಹೂವು ಬರಿಸಲು ಫೆಬ್ರವರಿಯಲ್ಲಿ ನೀರು ಹೊಡೆಯುತ್ತಿದ್ದ ಸ್ಪ್ರಿಂಕ್ಲರ್ ಜೆಟ್ ಎರಡನ್ನು ಕಿತ್ತು ತಂದು ಅಂಗಳದಲ್ಲಿ ಕಂಬಕ್ಕೆ ಕಟ್ಟಿ, ಬಣ್ಣದ ಬಲ್ಬು ಬಿಟ್ಟು, ‘ರೈನ್ ಡ್ಯಾನ್ಸ್’ ಎಂದು ಬೋರ್ಡು ಹಾಕಿದ್ದಾರೆ. ಕಳೆದ ಜುಲೈನಲ್ಲಿ ಒಂದು ಸಂಜೆ ಬೆಂಗಳೂರಿನ ಆರು ಜನ ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ಹೊರಗೆ ಹೊಡೆತದ ಮಳೆ, ಹಂಚಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು.

‘ಇದು ಯಾವಾಗ ನಿಲ್ಲುತ್ತೆ ಸಾರ್?’ ಎಂದು ಒಬ್ಬ ಹುಡುಗ ಕೇಳಿದ.

‘ಯಾಕೆ?’

‘ನಿಂತ ಮೇಲೆ ರೈನ್ ಡ್ಯಾನ್ಸ್ ಆನ್ ಮಾಡ್ತೀನಿ ಅಂದಿದ್ದಾರೆ.’

ಒಳಗೆ ಸ್ಪೀಕರಿನಲ್ಲಿ ಸೋನು ನಿಗಮ್ ಹಾಡುತ್ತಿದ್ದರು. ಭಾಗ ಒಂದರದ್ದು.